ಮನೆಯ ಹೆಸರೂ ದೀಕ್ಷಾಸ್ನಾನದ ಹೆಸರೂ



ಕೂಸಿಗೆ ದೀಕ್ಷಾಸ್ನಾನ ಮಾಡಿಸುವ ದಿನವು ಹತ್ತಿರವಾದಾಗ ತಂದೆತಾಯಿಗಳು ನಮ್ಮ ಬಳಿಗೆ ಬಂದು, ಸತ್ಯವೇದದೊಳಗಿನ ಒಂದು ಒಳ್ಳೇ ಹೆಸರನ್ನು ಹೇಳಿರೆಂದು ಕೇಳುವದುಂಟು. ಮನೆಯಲ್ಲಿ ಏನೆಂದು ಕರೆಯುತ್ತೀರೆಂದು ನಾವು ವಿಚಾರಿಸಿದರೆ ತಲೆ ತಗ್ಗಿಸುತ್ತಾರೆ. ಪುಟ್ಟ, ಮರಿ, ಗುಂಡ, ಕರಿಯ ಎಂಬ ಹೆಸರುಗಳನ್ನು ಸಭೆಯ ಪುಸ್ತಕದ ಮುಂದೆ ನಿಂತು ಹೇಳಲು ಅವರಿಗೆ ನಾಚಿಕೆ. ಹಾಗಾದರೆ ಹೊಸ ಹೆಸರು ಬಂದ ಕೂಡಲೇ ಮುದ್ದಿನ ಹೆಸರು ಸಾಯಬೇಕೋ? ಸಾಯಬೇಕಾಗಿಲ್ಲ. ಅದಕ್ಕೆ ಒಪ್ಪುವಂಥ ಹೆಸರನ್ನು ವೇದದಲ್ಲಿ ಹುಡುಕಿದರೆ ಅನೇಕ ಸಾರಿ ದೊರಕುತ್ತದೆ.

ಅಪೊಸ್ತಲರ ಕಾಲದ ಸಭೆಗಳಲ್ಲಿಯೂ ಹೀಗೆ ಎರಡು ಬಗೆಯ ಹೆಸರುಗಳಿದ್ದವು. ಗುಡಾರ ಮಾಡುವ ಅಕ್ವಿಲನ ಹೆಂಡತಿಯನ್ನು ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಪ್ರಿಸ್ಕಳೆನ್ನುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಅವಳೇ ಪ್ರಿಸ್ಕಿಲ್ಲಳು. ನಮ್ಮಲ್ಲಿ ರತ್ನಮ್ಮನು ರತ್ನಿಯಾಗುವಂತೆ ಪ್ರಿಸ್ಕಿಲ್ಲ ಎಂಬದು ಪ್ರಿಸ್ಕ ಎಂಬದರ ಮುದ್ದಿನ ರೂಪವು. ನಮ್ಮ ದೇಶದಲ್ಲಿಯೂ ಆನಂದರಾವ್ ಕೌಂಡಿನ್ಯರು 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿ ಹೆರ್ಮನ್ ಎಂಬ ಹೆಸರನ್ನು ಪಡೆದರೂ ಹಳೆಯದನ್ನು ಬಿಡಲಿಲ್ಲ. ಹೆರ್ಮನ್ ಆನಂದರಾವ್ ಕೌಂಡಿನ್ಯರೆಂದೇ ಎನಿಸಿಕೊಂಡರು.

ಪುಟ್ಟನಿಗೆ ಪೌಲನೆಂಬ ಹೆಸರು ಒಪ್ಪುತ್ತದೆ, ಯಾಕಂದರೆ ರೋಮಾಯರ ಭಾಷೆಯಲ್ಲಿ ಆ ಮಾತಿಗೆ ಚಿಕ್ಕವನೆಂದೇ ಅರ್ಥ. (ದಮಸ್ಕದ ದಾರಿಯಲ್ಲಿ ಸೌಲನ ಹೆಸರು ಬದಲಾಯಿತೆಂದು ಹಲವರು ಹೇಳುತ್ತಾರೆ; ವೇದದಲ್ಲಿ ಹಾಗೆ ಬರೆದಿಲ್ಲ.) ಗುಂಡನಿಗೆ ಪೇತ್ರನು ಸರಿ, ಅದೂ ಕಲ್ಲೇ ಅಲ್ಲವೋ? ಮರಿ ಎಂಬವಳು ಮರಿಯಳಾದರೆ ಅಜ್ಜಿಯ ನಾಲಿಗೆಗೂ ತೊಡಕಿಲ್ಲ. ಆದರೆ ಸದ್ದು ಕೂಡಿತೆಂದು ಯಾವ ಹೆಸರನ್ನಾದರೂ ತರಬೇಡಿರಿ. ಇಸ್ಕರಿಯೋತನೂ ವೇದದಲ್ಲಿಯೇ ಇದ್ದಾನೆ.

ಕರಿಯನ ತಂದೆಯು ಕೂಲಿಯವನು. "ಉಪದೇಶಿಗಳೇ, ಗೌಡರ ಹೊಲದಲ್ಲಿ ನನ್ನನ್ನು ಬಣ್ಣ ಹಿಡಿದು ಕೂಗಿದ್ದು ಸಾಕು, ಮಗನ ಮೇಲಿಂದ ಆ ಹೆಸರನ್ನು ತೊಳೆದುಬಿಡಿರಿ" ಎಂದನು. ಹುಡುಗನ ಅಜ್ಜಿಯಾದರೋ ಅದೇ ಹೆಸರಿನಿಂದ ಕರೆದು ಅವನಿಗೆ ತುತ್ತಿಡುವವಳು. ನಾವು ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯವನ್ನು ತೆರೆದೆವು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದ ಅಂತಿಯೋಕ್ಯದ ಸಭೆಯಲ್ಲಿ ಐವರು ಪ್ರವಾದಿಗಳೂ ಬೋಧಕರೂ ಇದ್ದರು. ಬಾರ್ನಬನ ಹೆಸರಾದ ಮೇಲೆ ಬರೆದ ಹೆಸರು ನೀಗರನೆನಿಸಿಕೊಳ್ಳುವ ಸಿಮೆಯೋನನದು. ನೀಗರನೆಂದರೆ ಕರಿಯನು. ಪಟ್ಟಿಯಲ್ಲಿ ಸೌಲನು ಕಡೆಯವನು. ಆ ಸೌಲನ ತಲೆಯ ಮೇಲೆ ಕೈಯಿಟ್ಟು ಕಳುಹಿಸಿಕೊಟ್ಟವರಲ್ಲಿ ಈ ಕರಿಯನೂ ಒಬ್ಬನು. ತಂದೆಯು ಆ ವಚನವನ್ನು ಎರಡು ಸಾರಿ ಓದಿಸಿ ಕೇಳಿದನು. ಈಗ ಸಭೆಯ ಪುಸ್ತಕದಲ್ಲಿ ಹುಡುಗನು ಸಿಮೆಯೋನನು, ಅಜ್ಜಿಗೆ ಕರಿಯನು.

ಇನ್ನೊಂದು ಹೆಸರು ನಮ್ಮನ್ನು ಬಹು ದಿನ ಬಾಧಿಸಿತು. ಎರಡು ಕೂಸುಗಳನ್ನು ಮಣ್ಣುಮಾಡಿದ ಒಬ್ಬ ತಾಯಿಯು ಮೂರನೆಯದನ್ನು ತಿಪ್ಪಿ ಎಂದು ಕರೆಯುತ್ತಿದ್ದಳು. ಹೆತ್ತ ಮಕ್ಕಳು ಉಳಿಯದೆ ಹೋದಾಗ, ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಹೀನವಾದ ಹೆಸರಿಟ್ಟರೆ ಮರಣವು ಅದನ್ನು ಕಸವೆಂದು ಬಿಟ್ಟುಹೋಗುವದೆಂಬ ನಂಬಿಕೆ ನಮ್ಮ ಊರುಗಳಲ್ಲಿ ಹಳೆಯದು. ಇದು ಅವಿಶ್ವಾಸವೆಂದು ನಾವು ಆಕೆಯನ್ನು ಎಲ್ಲರ ಮುಂದೆ ಗದರಿಸಿದೆವು. ಆಕೆ ಎದುರು ಮಾತಾಡಲಿಲ್ಲ. ಮೂರು ಭಾನುವಾರ ಆರಾಧನೆಗೂ ಬರಲಿಲ್ಲ. ನಾವು ಹೇಳಿದ ಮಾತು ಸುಳ್ಳಲ್ಲ, ಹೇಳಿದ ರೀತಿಯು ಪಾಪವಾಗಿತ್ತು.

ಅನಂತರ ಒಂದು ರಾತ್ರಿ ಸಮುವೇಲನ ಮೊದಲನೆಯ ಪುಸ್ತಕವನ್ನು ಓದುತ್ತಿರುವಾಗ ಹನ್ನಳ ಸ್ತೋತ್ರದಲ್ಲಿ ನಮ್ಮ ಕಣ್ಣು ನಿಂತಿತು. ಮಕ್ಕಳಿಲ್ಲದೆ ಅತ್ತ ಆ ಹೆಂಗಸು, ಯೆಹೋವನು ಬಡವರನ್ನು ತಿಪ್ಪೆಯಿಂದಲೇ ಎತ್ತಿ ಪ್ರಭುಗಳ ಸಾಲಿನಲ್ಲಿ ಕೂಡ್ರಿಸುವನೆಂದು ಹಾಡಿದ್ದಾಳೆ. ಬೆಳಿಗ್ಗೆ ವೇದವನ್ನು ತಕ್ಕೊಂಡು ಆಕೆಯ ಮನೆಗೆ ಹೋಗಿ ಮೊದಲು ಕ್ಷಮೆ ಬೇಡಿ, ಆ ಮೇಲೆ ಓದಿದೆವು. ಆಕೆ ಕೂಸನ್ನು ಎದೆಗೆ ಒತ್ತಿಕೊಂಡು, "ಆ ತಾಯಿಗೂ ತಿಪ್ಪೆ ಗೊತ್ತಿತ್ತೋ?" ಎಂದು ಕೇಳಿದಳು. ಹನ್ನ ಎಂದರೆ ಕೃಪೆ ಎಂದು ತಿಳಿಸಿದೆವು. ಕೂಸು ಹನ್ನಳೆಂಬ ಹೆಸರಿನಿಂದಲೇ ದೀಕ್ಷಾಸ್ನಾನ ಹೊಂದಿತು. ಸಂಜೆ ಹಟ್ಟಿಯಿಂದ ಆಕೆ ಮಗಳನ್ನು ತಿಪ್ಪೀ ಎಂದು ಕೂಗುವದು ಈಗಲೂ ನಮಗೆ ಕೇಳಿಸುತ್ತದೆ. ಅಂಜಿ ಕೂಗುವ ಧ್ವನಿಯಲ್ಲವಾದದರಿಂದ ನಾವು ತಡೆಯುವದಿಲ್ಲ.

ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಬೇಕೆಂದಿರುವವರು ಎರಡು ವಾರ ಮುಂಚಿತವಾಗಿ ನಿಮ್ಮ ನಿಮ್ಮ ಊರಿನ ಉಪದೇಶಿಯನ್ನು ಕಂಡು ಮಾತಾಡಿರಿ. ಅಜ್ಜಿಯನ್ನೂ ಕರಕೊಂಡು ಬನ್ನಿರಿ, ಮನೆಯ ಹೆಸರನ್ನು ನಾಚದೆ ಹೇಳುವವಳು ಅವಳೇ.