ಮನೆಯ ಅಡುಗೆಯೂ ದಾಸೋಹಭಾವವೂ

ಶರಣಧರ್ಮದಲ್ಲಿ ಅನ್ನವು ಹೊಟ್ಟೆಯನ್ನು ತುಂಬುವ ವಸ್ತು ಮಾತ್ರವಲ್ಲ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಉಪನಿಷತ್ತಿನ ಭೃಗುವೂ ತಂದೆಯಾದ ವರುಣನ ಮಾತಿನಂತೆ ತಪಸ್ಸನ್ನಾಚರಿಸಿ ಮೊಟ್ಟಮೊದಲು ಅರಿತುದು ಅನ್ನವೇ ಬ್ರಹ್ಮವೆಂಬುದನ್ನು. ಅವನ ಅರಿವು ಅಲ್ಲಿಗೇ ನಿಲ್ಲಲಿಲ್ಲ. ಆದರೆ ಅಲ್ಲಿಂದಲೇ ಮೊದಲಾಯಿತು.

ಹೀಗಿರಲಾಗಿ ಸದ್ಗೃಹಸ್ಥರು ವಿಚಾರಿಸತಕ್ಕ ಪ್ರಶ್ನೆಯೊಂದುಂಟು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ದಿನವೂ ಸಹಸ್ರಾರು ವಿದ್ಯಾರ್ಥಿಗಳು ಉಣ್ಣುತ್ತಾರೆ. ಅದನ್ನು ದಾಸೋಹವೆನ್ನಲು ಯಾರೂ ಅನುಮಾನಿಸುವುದಿಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಣ್ಣ ಮನೆಯಲ್ಲಿ ಗಂಡನಿಗಾಗಿ, ಹೆಂಡತಿಗಾಗಿ, ಮಕ್ಕಳಿಗಾಗಿ, ವೃದ್ಧರಾದ ಅತ್ತೆಮಾವಂದಿರಿಗಾಗಿ ಒಲೆಯ ಮೇಲೇರುವ ಅಡುಗೆಯು ದಾಸೋಹವೇ? ಅಥವಾ ಅದು ಕೇವಲ ಸಂಸಾರದ ಕೆಲಸವೇ?

ಅದು ದಾಸೋಹವಲ್ಲವೆಂಬುದು ಪೂರ್ವಪಕ್ಷ. ತನ್ನವರಿಗೆ ಉಣಬಡಿಸುವುದು ಮಮಕಾರ. ಹಕ್ಕಿಯೂ ತನ್ನ ಮರಿಗೆ ಗುಟುಕನ್ನಿಡುತ್ತದೆ. ಅದರಲ್ಲಿ ಧರ್ಮವೇನು ಬಂತು ಎಂದು ಈ ಪಕ್ಷದವರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ತನ್ನ ಮನೆಯವರು ತೃಪ್ತರಾದರೆ ಸಾಕು, ಬಾಗಿಲಿಗೆ ಬಂದವನು ಹಸಿದು ಹೋಗಲಿ ಎಂಬ ಮನೆಯ ಅಡುಗೆಯು ಎಷ್ಟೇ ರುಚಿಯಾಗಿದ್ದರೂ ದಾಸೋಹವಾಗಲಾರದು. ಆದರೆ ತನ್ನವರೆಂಬ ಒಂದೇ ಕಾರಣದಿಂದ ಅವರು ದಾಸೋಹಕ್ಕೆ ಹೊರಗಾಗುವರೆಂಬುದೂ ಸರಿಯಲ್ಲ. ಇಷ್ಟಲಿಂಗವನ್ನು ಧರಿಸಿದ ಪತಿಯೂ ಮಗನೂ ಸೊಸೆಯೂ ಲಿಂಗದ ನೆಲೆಯೇ ಆಗಿರುವರು. ಹೊರಗಿನವನಲ್ಲಿ ಲಿಂಗವನ್ನು ಕಂಡು ಒಳಗಿನವರಲ್ಲಿ ಕಾಣದಿದ್ದರೆ ಆ ಕಾಣ್ಕೆ ಪೂರ್ಣವಾದುದೆಂದು ಹೇಗೆ ಹೇಳುವುದು?

ದಾಸೋಹಕ್ಕೆ ತನು ಮನ ಧನ ಮೂರೂ ಸಲ್ಲಬೇಕೆಂದು ಶರಣರ ನಿರ್ಣಯ. ಮನೆಯ ಅಡುಗೆಯಲ್ಲಿ ಈ ಮೂರೂ ಇವೆ. ಜೋಳದ ರೊಟ್ಟಿಯೊಂದನ್ನೇ ನೋಡಬಹುದು. ಗೋಧಿಹಿಟ್ಟಿನಲ್ಲಿರುವ ಜಿಗುಟು ಜೋಳದ ಹಿಟ್ಟಿನಲ್ಲಿಲ್ಲ. ಆದುದರಿಂದ ಕುದಿಯುವ ಎಸರನ್ನು ಹಾಕಿ, ಕೈ ತಡೆಯುವಷ್ಟು ಆರುತ್ತಲೇ ಚೆನ್ನಾಗಿ ನಾದಿ, ಹಿಟ್ಟು ಹರಿಯದಂತೆ ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡಬೇಕು. ಹಂಚಿನ ಮೇಲೆ ಹಾಕಿದೊಡನೆ ಒದ್ದೆಯ ಬಟ್ಟೆಯಿಂದ ಮೇಲೆ ನೀರು ಸವರಬೇಕು. ಹೊತ್ತು ತಪ್ಪಿದರೆ ಬಿರಿಯುತ್ತದೆ. ಹೊತ್ತರಿತು ತಿರುವಿದರೆ ಉಬ್ಬುತ್ತದೆ. ಇಲ್ಲಿ ತನುವಿನ ಶ್ರಮವುಂಟು. ಅಜ್ಜನಿಗೆ ಹಲ್ಲಿಲ್ಲ, ಅವರಿಗೆ ಮೆತ್ತಗಿನ ನುಚ್ಚು ಮಜ್ಜಿಗೆ ಬೇಕು. ಮಗುವಿಗೆ ಖಾರ ಸಲ್ಲದು. ಹೊಲದಿಂದಲೋ ಕಚೇರಿಯಿಂದಲೋ ದಣಿದು ಬಂದವರಿಗೆ ಬಿಸಿ ರೊಟ್ಟಿಯೊಡನೆ ಜುಣಕವಾದರೆ ಜೀವಕ್ಕೆ ಹಿತ ಎಂದು ಒಬ್ಬೊಬ್ಬರನ್ನೂ ನೆನೆದು ಮಾಡುವಲ್ಲಿ ಮನವುಂಟು. ದುಡಿದು ತಂದ ಕಾಳು ಬೇಳೆಯಲ್ಲಿ ಧನವುಂಟು. ಇಷ್ಟಿದ್ದೂ ಇದನ್ನು ಬರಿಯ ಮನೆಗೆಲಸವೆಂದು ಕರೆಯುವುದು ಕಾಯಕದ ಮಹಿಮೆಯನ್ನು ಅರಿಯದವರ ಮಾತು.

ಈ ವಿಷಯದಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಸಂಸಾರಿಗಳಿಗೆ ಕನ್ನಡಿಯಂತಿದ್ದಾರೆ. 12ನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಲಕ್ಕಮ್ಮನು ಅದನ್ನು ಅಟ್ಟು ಜಂಗಮಕ್ಕೆ ನೀಡುತ್ತಿದ್ದಳು. ಒಂದು ದಿನ ಆತನು ಎಂದಿನ ಅಳತೆಗಿಂತ ಹೆಚ್ಚಾಗಿ ತಂದಾಗ, ಅದು ಆಸೆಯೆಂದು ತಿಳಿಹೇಳಿ, ಮಿಗಿಲಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಕಳುಹಿದಳೆಂಬುದು ಪ್ರಸಿದ್ಧವಾದ ಕಥೆ. ಈ ಕಥೆಯನ್ನು ನಿರ್ಲೋಭಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ತತ್ತ್ವವೂ ಅಡಗಿದೆ. ಆ ಮನೆಯ ಒಲೆಯ ಮುಂದಿದ್ದವಳು ಆಳಲ್ಲ. ದಾಸೋಹಕ್ಕೆ ಯಾವುದು ಸಲ್ಲುವುದು, ಯಾವುದು ಸಲ್ಲದು ಎಂದು ನಿರ್ಣಯಿಸುವ ಅಧಿಕಾರ ಆಕೆಯದಾಗಿತ್ತು. ಮಾರಯ್ಯನು ಆ ನಿರ್ಣಯಕ್ಕೆ ತಲೆಬಾಗಿದನು. ಆಯುವವನು, ಅಡುವವಳು ಇಬ್ಬರೂ ಸಮನಾದ ಭಕ್ತರು.

ಇಲ್ಲಿಂದ ಮುಂದಿನ ವಿಚಾರ ಸ್ವಲ್ಪ ಕಠಿಣವಾದುದು. ಅನೇಕ ಮನೆಗಳಲ್ಲಿ ರಾತ್ರಿಯ ಊಟದ ಕ್ರಮ ಹೇಗಿದೆ? ರೊಟ್ಟಿ ಬಿಸಿಯಾಗಿರಬೇಕು, ಅದನ್ನು ಒಂದೊಂದಾಗಿಯೇ ತಟ್ಟಬೇಕು. ಆರು ಮಂದಿಗೆ ಹನ್ನೆರಡು ರೊಟ್ಟಿಯೆಂದರೆ, ಒಂದಕ್ಕೆ ಎರಡು ಮೂರು ನಿಮಿಷ ಹಿಡಿದರೂ ಅರ್ಧ ತಾಸು ಬೇಕು. ಆ ಅರ್ಧ ತಾಸು ಎಲ್ಲರೂ ಉಣ್ಣುತ್ತಿರುತ್ತಾರೆ. ಬೆಂಕಿಯ ಮುಂದಿನವಳು ಬಡಿಯುತ್ತಿರುತ್ತಾಳೆ. ಎಲ್ಲರೂ ಕೈತೊಳೆದ ಮೇಲೆ ಆಕೆಯ ಪಾಲಿಗೆ ಉಳಿಯುವುದು ತಣ್ಣಗಾದ ಪಲ್ಯ, ತಳ ಕಂಡ ಸಾರಿನ ಗಡಿಗೆ. ಇಂದು ಆಕೆಯೂ ಹಗಲೆಲ್ಲ ಹೊರಗೆ ದುಡಿದು ಬಂದವಳಾಗಿರುವುದು ಅಪರೂಪವಲ್ಲ.

ಇದಕ್ಕೆ ಸಮಾಧಾನವಾಗಿ, ಎಲ್ಲರೂ ಉಂಡು ಮಿಕ್ಕುದು ಪ್ರಸಾದ, ಅದನ್ನು ಸ್ವೀಕರಿಸುವುದು ಆಕೆಯ ಭಾಗ್ಯ ಎಂದು ಹೇಳುವವರುಂಟು. ಈ ಮಾತನ್ನು ಸೂಕ್ಷ್ಮವಾಗಿ ಪರೀಕ್ಷಿಸಬೇಕು. ಮಿಕ್ಕುದೆಲ್ಲ ಪ್ರಸಾದವಲ್ಲ, ಅರ್ಪಿತವಾದುದು ಪ್ರಸಾದ. ಭಕ್ತಿಯಿಂದ ಅರ್ಪಿಸಿ, ಪ್ರಸನ್ನತೆಯಿಂದ ಮರಳಿ ಪಡೆದುದಕ್ಕೆ ಆ ಹೆಸರು. ಉಣ್ಣುವವರ ಮರೆವಿನಿಂದ ಉಳಿದುದು ಬರಿಯ ಉಳಿಕೆ. ಇನ್ನೊಬ್ಬರ ಅಲಕ್ಷ್ಯಕ್ಕೆ ಪ್ರಸಾದವೆಂಬ ಪವಿತ್ರ ನಾಮವನ್ನಿಡುವುದು ಪ್ರಸಾದಕ್ಕೇ ಅಪಚಾರ. ಆಕೆಯ ಕೊರಳಲ್ಲಿಯೂ ಲಿಂಗವಿದೆಯಲ್ಲವೇ? ಪಂಕ್ತಿಯಲ್ಲಿ ಕುಳಿತವರ ಲಿಂಗಕ್ಕೆ ಬಿಸಿ ರೊಟ್ಟಿ, ಅಟ್ಟವಳ ಲಿಂಗಕ್ಕೆ ತಂಗಳು ಎಂಬ ಭೇದವನ್ನು ಯಾವ ಶರಣನೂ ವಿಧಿಸಲಿಲ್ಲ. ಜನ್ಮದಿಂದ ಬರುವ ಭೇದವನ್ನೂ ಸ್ತ್ರೀಪುರುಷಭೇದವನ್ನೂ ಲಿಂಗದ ಮುಂದೆ ಅಳಿಸಿದವರು ಊಟದ ಮಣೆಯ ಮೇಲೆ ಅದನ್ನು ಉಳಿಸಿಯಾರೇ?

ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ಹೀಗೆ ನಿಲ್ಲುತ್ತದೆ: ಮನೆಯ ಅಡುಗೆ ದಾಸೋಹವೇ ಸರಿ, ಆದರೆ ಅಟ್ಟವರನ್ನೂ ಉಣ್ಣುವವರ ಎಣಿಕೆಯಲ್ಲಿ ಸೇರಿಸಿದಾಗ ಮಾತ್ರ. ಅಟ್ಟವರೊಬ್ಬರನ್ನು ಹೊರಗಿಟ್ಟ ದಾಸೋಹವು ಒಂದು ಲಿಂಗಕ್ಕೆ ಉಪವಾಸವಿಟ್ಟು ಉಳಿದವಕ್ಕೆ ನೈವೇದ್ಯ ಮಾಡಿದಂತೆ.

ಇದನ್ನು ಆಚರಣೆಗೆ ತರಲು ದೊಡ್ಡ ಸಾಹಸವೇನೂ ಬೇಡ. ರೊಟ್ಟಿಗಳನ್ನೆಲ್ಲ ಮೊದಲೇ ಮಾಡಿ ಬುಟ್ಟಿಯಲ್ಲಿ ಬಟ್ಟೆ ಸುತ್ತಿಟ್ಟರೆ ಎಲ್ಲರೂ ಕೂಡಿ ಕುಳಿತುಕೊಳ್ಳುವ ತನಕ ಮೆತ್ತಗೇ ಇರುತ್ತವೆ. ಬಿಡುವಿನ ದಿನ ಮಾಡಿಟ್ಟ ಖಡಕ್ ರೊಟ್ಟಿ ಹಲವು ದಿನ ಬಾಳುತ್ತದೆ. ಗಂಡನು ಕಾಯಿಪಲ್ಯ ಹೆಚ್ಚಿಕೊಟ್ಟರೆ, ಮಗನು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿದರೆ ಅವರ ಘನತೆ ಕುಂದುವುದಿಲ್ಲ. ಮಾರಯ್ಯನು ನೆಲದ ಮೇಲಿನ ಅಕ್ಕಿಯನ್ನು ಬಾಗಿ ಆಯ್ದವನು. ಮೇಲೋಗರ ಎರಡಿದ್ದಲ್ಲಿ ಒಂದೇ ಇರಲಿ. ಕೂಡಿ ಉಂಡ ನುಚ್ಚು ಮಜ್ಜಿಗೆಯೂ ಮೃಷ್ಟಾನ್ನವೇ. ಬಂದವರಿಗೊಂದು ರೊಟ್ಟಿ ಬುಟ್ಟಿಯಲ್ಲಿರಲಿ.

ಸದ್ಭಕ್ತರು ಇಂದಿನ ರಾತ್ರಿ ತುತ್ತನ್ನೆತ್ತುವ ಮೊದಲು ಲಿಂಗಕ್ಕೆ ಅರ್ಪಿಸುವಾಗ, ಅಟ್ಟವರು ಪಂಕ್ತಿಯಲ್ಲಿ ಕುಳಿತಿರುವರೇ ಎಂದು ಒಮ್ಮೆ ಕಣ್ಣೆತ್ತಿ ನೋಡಲಿ. ಅವರು ಇನ್ನೂ ಕುಳಿತಿಲ್ಲವಾದರೆ ತುತ್ತು ಸ್ವಲ್ಪ ತಡೆಯಲಿ. ಆ ತಡೆದ ತುತ್ತೇ ಪ್ರಸಾದವಾಗುವುದು.