ಕೊಂಬೋ, ತುತೂರಿಯೋ, ಎಕ್ಕಾಳವೋ?

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: 1 ಕೊರಿಂಥ 14:7–11

 

ಈ ದಿನ ಸಂದೇಶಕ್ಕೆ ಮೊದಲು ನಾನು ನಿಮ್ಮ ಮುಂದೆ ಒಂದು ತಪ್ಪನ್ನ ಒಪ್ಪಿಕೊಳ್ಳಬೇಕು.

ಕೆಲವು ತಿಂಗಳ ಹಿಂದೆ ಇಸ್ರೇಲ್ ದೇಶಕ್ಕೆ ಹೋಗಿ ಬಂದ ಸಹೋದರರೊಬ್ಬರು ನಮ್ಮ ಸಭೆಗೆ ಟಗರಿನ ಕೊಂಬು ತಂದುಕೊಟ್ಟರು. ಇಬ್ರಿಯ ಭಾಷೆಯಲ್ಲಿ ಅದಕ್ಕೆ ಶೋಫಾರ್ ಅಂತಾರೆ. ಆ ಭಾನುವಾರ ಅದನ್ನ ಕೈಯಲ್ಲಿ ಹಿಡಿದು ನಾನು ಜೋರಾಗಿ ಹೇಳಿದೆ: "ಸತ್ಯವೇದದ ತುತೂರಿ ಅಂದ್ರೆ ಇದೇ! ಮಿಕ್ಕಿದ್ದೆಲ್ಲಾ ಲೋಕದ ವಾದ್ಯ." ನೀವೂ ಆಮೆನ್ ಅಂದ್ರಿ.

ಆರಾಧನೆ ಮುಗಿದ ಮೇಲೆ ನಮ್ಮ ಒಬ್ಬ ಅಣ್ಣ ನನ್ನ ಹತ್ತಿರ ಬಂದ್ರು. ಶಿವಾಜಿನಗರದ ಕಡೆ ಬ್ಯಾಂಡ್‌ಸೆಟ್‌ನಲ್ಲಿ, ಮದುವೆ ಮೆರವಣಿಗೆಗೆ ಟ್ರಂಪೆಟ್ ಊದಿ ಸಂಸಾರ ನಡೆಸುವವರು. ಮನೆಮಾತು ತಮಿಳು. "ಪಾಸ್ಟರ್, ನಮ್ಮ ತಮಿಳು ಬೈಬಲ್‌ನಲ್ಲಿ ಎಕ್ಕಾಳ ಅಂತ ಇದೆ. ಕನ್ನಡದಲ್ಲಿ ತುತೂರಿ ಅಂತ ಇದೆ. ನಾನು ಊದೋದು ಹಾಗಾದ್ರೆ ಯಾವುದು? ಈಸ್ಟರ್ ಬೆಳಗಿನ ಜಾವ ಸಭೆಯಲ್ಲಿ ಊದಬೇಕು ಅಂತ ಆಸೆ ಇತ್ತು" ಅಂದ್ರು. ನಾನು ಅವಸರದಲ್ಲಿದ್ದೆ. "ಅದು ಬೇರೆ, ಇದು ಬೇರೆ ಅಣ್ಣ" ಅಂದುಬಿಟ್ಟೆ. ಮುಂದಿನ ಭಾನುವಾರ ಅವರು ಬರಲಿಲ್ಲ. ಏಳು ವಾರ ಬರಲಿಲ್ಲ.

ಆಮೇಲೆ ನಾನು ಸತ್ಯವೇದ ತೆರೆದು ಕೂತೆ, ಪ್ರಿಯರೇ. ಕರ್ತನು ನನ್ನನ್ನು ಗದರಿಸಿದನು. ಮೂರು ಮಾತು ಹೇಳ್ತೀನಿ, ಕೇಳಿ.

ಮೊದಲನೆಯದು, ಹೆಸರು ಹಲವು.

ಹಳೇ ಒಡಂಬಡಿಕೆಯಲ್ಲಿ ದೇವಜನರ ಹತ್ತಿರ ಒಂದೇ ತುತೂರಿ ಇರಲಿಲ್ಲ. ಯೆರಿಕೋವಿನ ಗೋಡೆಯ ಸುತ್ತ ಏಳು ಮಂದಿ ಯಾಜಕರು ಊದಿದ್ದು ಟಗರಿನ ಕೊಂಬು, ಯೆಹೋಶುವ 6. ಅದಕ್ಕೆ ಯೋಬೇಲ್ ಅನ್ನೋ ಇನ್ನೊಂದು ಹೆಸರೂ ಇತ್ತು. ನಾವು ಜೂಬಿಲಿ ಅಂತೀವಲ್ಲ, ಶಾಲೆಯ ಸಿಲ್ವರ್ ಜೂಬಿಲಿ, ಸಭೆಯ ಗೋಲ್ಡನ್ ಜೂಬಿಲಿ, ಆ ಮಾತು ಬಂದಿದ್ದು ಆ ಟಗರಿನ ಕೊಂಬಿನಿಂದ. ಯಾಜಕಕಾಂಡ 25ರಲ್ಲಿ ಕೊಂಬು ಊದಿದಾಗ ದೇಶಕ್ಕೆಲ್ಲ ಬಿಡುಗಡೆ. ಹಲ್ಲೆಲೂಯಾ!

ಆದರೆ ಅರಣ್ಯಕಾಂಡ 10 ನೋಡಿ. ಅಲ್ಲಿ ದೇವರು ಮೋಶೆಗೆ ಬೆಳ್ಳಿಯನ್ನು ತಟ್ಟಿ ಎರಡು ತುತೂರಿ ಮಾಡಿಸು ಅಂತ ಆಜ್ಞಾಪಿಸುತ್ತಾನೆ. ಇದರ ಇಬ್ರಿಯ ಹೆಸರೇ ಬೇರೆ, ಹಚೋಚ್ರಾ. ಇದು ಕೊಂಬಲ್ಲ, ಲೋಹ. ಕಮ್ಮಾರ ತಟ್ಟಿ ಮಾಡಿದ್ದು. ರೋಮ್ ಪಟ್ಟಣದಲ್ಲಿ ಟೈಟಸ್‌ನ ಕಮಾನು ಇದೆ. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯವನ್ನ ಕೆಡವಿ ಕೊಳ್ಳೆ ಹೊಡೆದಿದ್ದನ್ನ ಅದರ ಮೇಲೆ ಕೆತ್ತಿದ್ದಾರೆ. ಏಳು ಕವಲಿನ ದೀಪಸ್ತಂಭದ ಜೊತೆ ಉದ್ದನೆಯ ತುತೂರಿಗಳೂ ಕಾಣುತ್ತವೆ. ಅಂದರೆ ದೇವರ ಆಲಯದಲ್ಲಿ ಲೋಹದ ತುತೂರಿ ಇತ್ತು.

ಯೆಹೂದ್ಯರು ಹಳೇ ಒಡಂಬಡಿಕೆಯನ್ನ ಗ್ರೀಕ್ ಭಾಷೆಗೆ ತಂದಾಗ ಇವೆರಡಕ್ಕೂ ಸಾಲ್ಪಿಂಕ್ಸ್ ಅನ್ನೋ ಒಂದೇ ಮಾತು ಬಳಸಿದರು. ಕೀರ್ತನೆ 98:6ರಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಅಲ್ಲಿ ಗ್ರೀಕ್‌ನವರು ಒಂದನ್ನ ತಟ್ಟಿದ ಸಾಲ್ಪಿಂಕ್ಸ್, ಇನ್ನೊಂದನ್ನ ಕೊಂಬಿನ ಸಾಲ್ಪಿಂಕ್ಸ್ ಅಂದ್ರು. ಗ್ರೀಕ್ ಸೈನಿಕರು ಯುದ್ಧದಲ್ಲಿ ಊದುತ್ತಿದ್ದದ್ದಕ್ಕೂ ಅದೇ ಹೆಸರು. 1 ಥೆಸಲೊನೀಕ 4:16ರಲ್ಲಿ ಕರ್ತನು ಇಳಿದುಬರುವಾಗ ಕೇಳಿಸುವುದಕ್ಕೆ ಪೌಲನು ಬರೆದ ಮಾತೂ ಅದೇ! ಅದು ಟಗರಿನ ಕೊಂಬೋ ಬೆಳ್ಳಿಯದೋ ಅಂತ ಪೌಲನು ಹೇಳಲಿಲ್ಲ. ಅವನು ಹೇಳದ್ದನ್ನ ನಾನು ಈ ಪುಲ್ಪಿಟ್‌ನಿಂದ ಹೇಳಿದೆ.

ನಮ್ಮ ಸಭೆಯನ್ನೇ ನೋಡಿ. ಹಲಸೂರಿನವರು ತಮಿಳಲ್ಲಿ ಎಕ್ಕಾಳ ಅಂತೀರಿ. ಕೆ.ಆರ್. ಪುರದಿಂದ ಬರೋ ತೆಲುಗು ಕುಟುಂಬಗಳ ಬೈಬಲ್‌ನಲ್ಲಿ ಬೂರ. ಮಲಯಾಳಿ ಸಹೋದರಿಯರಿಗೆ ಕಾಹಳಂ, ಅದು ನಮ್ಮ ಕಹಳೆಯೇ. ಹಿಂದಿಯವರಿಗೆ ತುರಹಿ. ಕನ್ನಡದ ಮಕ್ಕಳಿಗೆ ತುತ್ತೂರಿ ಅಂದ್ರೆ ರಾಜರತ್ನಂ ಅವರ ಪದ್ಯದ ತಗಡಿನ ಆಟದ ಸಾಮಾನು! ಮುಖವೀಣೆ ಅಂತ ಒಂದಿದೆ, ಹೆಸರು ಕೇಳಿದ್ರೆ ತಂತಿ ಮೀಟೋ ವೀಣೆ ಅನ್ಕೋತೀರಿ, ಆದರೆ ಅದು ಬಾಯಲ್ಲಿ ಊದೋ ವಾದ್ಯ. ಕದ್ರಿ ಗೋಪಾಲನಾಥರು ಊದುತ್ತಿದ್ದ ಸ್ಯಾಕ್ಸೋಫೋನ್ ಹಿತ್ತಾಳೆಯದು, ಆದರೂ ಸಂಗೀತಗಾರರು ಅದನ್ನ ಮರದ ವಾದ್ಯಗಳ ಗುಂಪಿಗೆ ಸೇರಿಸ್ತಾರೆ, ಯಾಕಂದ್ರೆ ಅದರ ಬಾಯಲ್ಲಿ ನಾದ ಹುಟ್ಟಿಸೋದು ಒಂದು ಜೊಂಡಿನ ಸೀಳು. ಹೆಸರು ನೋಡಿ ತೀರ್ಪು ಮಾಡಿದ್ರೆ ಮೋಸ ಹೋಗ್ತೀವಿ.

ಎರಡನೆಯದು, ಪರಿಶುದ್ಧತೆ ಕೊಂಬಿನೊಳಗೆ ಇಲ್ಲ.

ದಾನಿಯೇಲ 3 ಓದಿ. ನೆಬೂಕದ್ನೆಚ್ಚರನ ಬಂಗಾರದ ಪ್ರತಿಮೆಯ ಮುಂದೆ ಮೊದಲು ಊದಿದ್ದು ಏನು? ಕೊಂಬು! ಆ ಪಟ್ಟಿಯ ಮೊದಲನೇ ವಾದ್ಯ ಅದೇ. ಯೆರಿಕೋವಿನಲ್ಲಿ ಕೊಂಬು ಊದಿದಾಗ ಗೋಡೆ ಬಿತ್ತು. ಬಾಬೆಲಿನಲ್ಲಿ ಕೊಂಬು ಊದಿದಾಗ ಜನ ವಿಗ್ರಹಕ್ಕೆ ಅಡ್ಡಬಿದ್ದರು. ವ್ಯತ್ಯಾಸ ಕೊಂಬಿನಲ್ಲಿ ಇರಲಿಲ್ಲ, ಅದು ಯಾರ ಕಡೆಗೆ ಕರೆಯಿತು ಅನ್ನೋದರಲ್ಲಿ ಇತ್ತು. ಶದ್ರಕ್, ಮೇಶಕ್, ಅಬೇದ್‌ನೆಗೋ ಆ ಶಬ್ದ ಕೇಳಿಯೂ ನಿಂತೇ ಇದ್ದರು. ಆದ್ದರಿಂದ ಮನೇಲಿ ಶೋಫಾರ್ ಇಟ್ಟುಕೊಂಡ್ರೆ ಶಾಪ ಹೋಗುತ್ತೆ, ಊದಿದ್ರೆ ಸಾಲ ತೀರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಮ್ಮನ್ನ ಬಿಡಿಸಿದ್ದು ಕುರಿಮರಿಯ ರಕ್ತ, ಟಗರಿನ ಕೊಂಬಲ್ಲ. ಆಮೆನ್?

ಮೂರನೆಯದು, ಶಬ್ದ ಸ್ಪಷ್ಟವಾಗಿರಬೇಕು.

ಅರಣ್ಯಕಾಂಡ 10ರಲ್ಲಿ ಎರಡು ತುತೂರಿ ಊದಿದ್ರೆ ಸಭೆಯೆಲ್ಲಾ ಕೂಡಬೇಕು. ಒಂದೇ ಊದಿದ್ರೆ ಮುಖಂಡರು ಮಾತ್ರ. ಬೇರೆ ರೀತಿ ಊದಿದ್ರೆ ಪಾಳೆಯ ಹೊರಡಬೇಕು. ಇದು ಕಂಟೋನ್ಮೆಂಟ್ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಹಲಸೂರು ಕೆರೆ ಹತ್ತಿರ ಮದ್ರಾಸ್ ಸ್ಯಾಪರ್ಸ್‌ನವರ ಎಂ.ಇ.ಜಿ. ಸೆಂಟರ್ ಇದೆ. ನಿಮ್ಮಲ್ಲಿ ಎಷ್ಟೋ ಜನರ ತಾತಂದಿರು ಫೌಜಿನಲ್ಲಿದ್ದವರು. ಬ್ಯೂಗಲ್ ಅನ್ನೋ ಮಾತಿನ ಬೇರು ಲ್ಯಾಟಿನ್‌ನಲ್ಲಿ ಎಳೇ ಎತ್ತು ಅಂತ. ಮೊದಲು ಅದೂ ಕೊಂಬೇ, ಈಗ ಹಿತ್ತಾಳೆ. ಸೈನಿಕನ ಸಮಾಧಿಯ ಹತ್ತಿರ ಬ್ಯೂಗಲ್‌ನಲ್ಲಿ ಲಾಸ್ಟ್ ಪೋಸ್ಟ್ ಊದ್ತಾರೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಏಳುವ ಕರೆ, ರೌಸ್, ಊದ್ತಾರೆ. ಇದು ಏನಕ್ಕೆ ಅಂತ ಅಲ್ಲಿರೋ ಜವಾನರು ಯಾರನ್ನೂ ಕೇಳಲ್ಲ, ಅವರಿಗೆ ಗೊತ್ತು. ಪ್ರಿಯರೇ, 1 ಕೊರಿಂಥ 15:52ರ ಕಡೇ ತುತೂರಿಯೂ ಏಳುವ ಕರೆಯೇ! ಸತ್ತವರು ಏಳುತ್ತಾರೆ. ಸ್ತೋತ್ರ!

ಪೌಲನು ನಮ್ಮ ವಾಕ್ಯಭಾಗದಲ್ಲಿ ಅದನ್ನೇ ಹೇಳ್ತಾನೆ. ತುತೂರಿ ಅರ್ಥವಾಗದ ಹಾಗೆ ಊದಿದ್ರೆ ಯುದ್ಧಕ್ಕೆ ಸಿದ್ಧನಾಗೋರು ಯಾರು? ಲೋಕದಲ್ಲಿ ಭಾಷೆ ಎಷ್ಟೋ ಇವೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಿದ್ರೆ ಇಬ್ಬರೂ ಪರದೇಶಿಗಳಾಗಿಬಿಡ್ತಾರೆ. ಆ ಭಾನುವಾರ ಅಸ್ಪಷ್ಟವಾಗಿ ಊದಿದ ತುತೂರಿ ನಾನೇ. ಕೊಂಬು ಹಿಡಿದು ಒಬ್ಬ ಸಹೋದರನನ್ನ ದೇವರ ಮನೆಯಲ್ಲಿ ಪರದೇಶಿಯನ್ನಾಗಿ ಮಾಡಿದೆ.

ಹೋದ ವಾರ ಅವರ ಮನೆಗೆ ಹೋದೆ. ಮದುವೆ ಸೀಸನ್, ಟ್ರಂಪೆಟ್ ಒರೆಸ್ತಾ ಕೂತಿದ್ರು. ಕ್ಷಮೆ ಕೇಳಿದೆ. ಅವರ ಮೂರು ಬಟನ್ನಿನ ಟ್ರಂಪೆಟ್ ಮೋಶೆಯ ಬೆಳ್ಳಿ ತುತೂರಿ ಅಲ್ಲ ಅಂತಲೂ ನಿಜ ಹೇಳಿದೆ, ಆ ಬಟನ್ ಬಂದಿದ್ದೇ 19ನೇ ಶತಮಾನದಲ್ಲಿ. ಆದರೆ ಇಸ್ರೇಲಿನಿಂದ ಬಂದ ಕೊಂಬಿಗೂ ಅದಕ್ಕೂ ಒಳಗೆ ಹೋಗೋದು ಒಂದೇ, ದೇವರು ಕೊಟ್ಟ ಉಸಿರು. ಅವರು ಕೇಳಿದ್ದು ಒಂದೇ ಮಾತು: "ಈಸ್ಟರ್‌ಗೆ ಯಾವ ಹಾಡು ಪಾಸ್ಟರ್?" ಅವರು ಇವತ್ತು ನಮ್ಮ ಮಧ್ಯದಲ್ಲಿ ಕೂತಿದ್ದಾರೆ. ದೇವರಿಗೆ ಮಹಿಮೆಯಾಗಲಿ!

ನಿಮ್ಮ ಅವಸರದ ಒಂದು ಮಾತಿನಿಂದ ಸಭೆ ಬಿಟ್ಟವರು ಯಾರಾದ್ರೂ ಇದ್ದಾರಾ? ಈ ವಾರವೇ ಹೋಗಿ. ಅವರಿಗೆ ಅರ್ಥವಾಗೋ ಭಾಷೆಯಲ್ಲಿ ಕರೆಯಿರಿ. ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.

ಕರ್ತನೇ, ನಮ್ಮ ಬಾಯಿ ಸ್ಪಷ್ಟವಾದ ತುತೂರಿಯಾಗಲಿ. ನಮ್ಮಿಂದ ನೊಂದು ದೂರ ಹೋದವರನ್ನ ಮತ್ತೆ ಕೂಡಿಸು. ನಿನ್ನ ಕಡೇ ತುತೂರಿ ಕೇಳಿಸುವಾಗ ನಾವೆಲ್ಲರೂ ಒಟ್ಟಿಗೆ ಏಳುವಂತೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.