ಜಾತ್ರೆಯ ಲೆಕ್ಕ ಕೇಳುವವರು

ರಾಜ್ಯ ಬದಲಿಸಬೇಕೆಂದರೆ ಗಂಟುಮೂಟೆ ಕಟ್ಟಬೇಕು, ರೈಲು ಹತ್ತಬೇಕು, ಗುರುತಿಲ್ಲದ ಊರಲ್ಲಿ ಬಾಡಿಗೆ ಮನೆ ಹುಡುಕಬೇಕು. ಬಳ್ಳಾರಿಯ ಜನ ಇದ್ಯಾವುದನ್ನೂ ಮಾಡದೆ ರಾಜ್ಯ ಬದಲಿಸಿದವರು. 1953ರ ಸೆಪ್ಟೆಂಬರ್ 30ರ ರಾತ್ರಿ ಮದ್ರಾಸ್ ರಾಜ್ಯದಲ್ಲಿ ಮಲಗಿದರು, ಅಕ್ಟೋಬರ್ 1ರ ಬೆಳಿಗ್ಗೆ ಮೈಸೂರು ರಾಜ್ಯದಲ್ಲಿ ಎದ್ದರು. ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕಿನವರು ಎದ್ದದ್ದು ಆ ದಿನವೇ ಹುಟ್ಟಿದ ಆಂಧ್ರ ರಾಜ್ಯದಲ್ಲಿ. ಎರಡು ಭಾಷೆ ಹೆಣೆದುಕೊಂಡಿದ್ದ ಬಳ್ಳಾರಿ ತಾಲ್ಲೂಕು ಯಾರಿಗೆ ಸೇರಬೇಕೆಂಬುದು ಆಂಧ್ರ ರಾಜ್ಯ ರಚನೆಗೆಂದು ತಯಾರಾದ ವಾಂಛೂ ವರದಿಯಲ್ಲೂ ಬಗೆಹರಿಯದೆ, ನ್ಯಾಯಮೂರ್ತಿ ಮಿಶ್ರ ಅವರ ವಿಚಾರಣೆಯವರೆಗೆ ಹೋಗಿತ್ತು. ತೀರ್ಪು ಮೈಸೂರಿನ ಕಡೆಗಾಯಿತು. ವಿಲೀನೋತ್ಸವದ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಆಸಿಡ್ ದಾಳಿಗೆ ಸಿಕ್ಕು ಪ್ರಾಣ ಬಿಟ್ಟರು. ಅಲ್ಲಿಗೂ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ದೆಹಲಿ ಆ ಮಾತನ್ನು ಒಪ್ಪಲಿಲ್ಲ, ಇವು ಇಲ್ಲೇ ಉಳಿದವು.

ಬೇರೆ ರಾಜ್ಯಕ್ಕೆ ಹೋಗಿ ನೆಲೆಸುವವರಿಗೆ ಅಲ್ಲಿ ಆದರ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದಾಗ ನನಗೆ ಆ ಬೆಳಗಿನ ನೆನಪಾಗುತ್ತದೆ. ಆ ದಿನ ಬಳ್ಳಾರಿಯ ತೆಲುಗು ಮನೆಗಳವರು ಯಾವ ಊರಿಗೂ ಹೋಗಿರಲಿಲ್ಲ, ಆದೋನಿಯ ಕನ್ನಡ ಮನೆಗಳವರೂ ಅಷ್ಟೇ. ಗಡಿ ತಾನೇ ನಡೆದುಕೊಂಡು ಬಂದು ಅವರ ಅಂಗಳ ದಾಟಿ ಹೋಯಿತು. ಹೊರಗಿನವರಾಗಲು ಹೊರಗಿನಿಂದ ಬರಲೇಬೇಕೆಂದಿಲ್ಲ ಎಂಬುದನ್ನು ಕಂಡ ಊರಿದು. ಹಾಗಾಗಿ ಇಲ್ಲಿಯ ಅನುಭವಕ್ಕೆ ಬೇರೆ ಊರುಗಳ ಅನುಭವಕ್ಕಿಂತ ಹೆಚ್ಚು ತೂಕವಿದೆ.

ಕೇಳಿದರೆ ಬಳ್ಳಾರಿಯವರು ಸಿದ್ಧ ಉತ್ತರ ಕೊಡುತ್ತಾರೆ: ‘ನಮ್ಮೂರಲ್ಲಿ ಭೇದ ಇಲ್ಲ ಬಿಡ್ರೀ.’ ಅದರಲ್ಲಿ ನಿಜವೂ ಇದೆ. ಒಗ್ಗರಣೆ-ಮಿರ್ಚಿ ಅಂಗಡಿಯ ಮುಂದೆ ನಿಂತು ಕನ್ನಡದಲ್ಲಿ ಕೇಳಿ, ತೆಲುಗಿನಲ್ಲಿ ಕೇಳಿ, ಕೌಲ್ ಬಜಾರಿನ ಉರ್ದುವಿನಲ್ಲಿ ಕೇಳಿ, ಅದೇ ಭಾಷೆಯಲ್ಲಿ ಉತ್ತರ ಬರುತ್ತದೆ. ಬಾಯಲ್ಲಿ ಅಣ್ಣಾ, ಅಕ್ಕಾ ಇಲ್ಲದೆ ವ್ಯಾಪಾರವೇ ನಡೆಯದು. ಹೊಸಬನಿಗೆ ಮೊದಲ ವಾರ ಬಹಳ ಸುಖವಾಗಿಯೇ ಕಳೆಯುತ್ತದೆ. ಆದರೆ ಮೊದಲ ವಾರದ ಸುಖ ಗಿರಾಕಿಗೆ ಸಿಗುವ ಸುಖ, ಅತಿಥಿಗೆ ಸಿಗುವ ಸುಖ. ಜರ್ಮನ್ ತತ್ವಜ್ಞಾನಿ ಕಾಂಟ್ 1795ರಷ್ಟು ಹಿಂದೆಯೇ ಇದನ್ನು ಬೇರ್ಪಡಿಸಿ ನೋಡಿದ್ದ. ಬಂದುಹೋಗುವವನನ್ನು ಶತ್ರುವಿನಂತೆ ಕಾಣದಿರುವುದು ಒಂದು, ಬಂದು ನೆಲೆಸುವವನಿಗೆ ಜಾಗ ಕೊಡುವುದು ಇನ್ನೊಂದು. ಮೊದಲನೆಯದು ಎಲ್ಲ ಮನುಷ್ಯರ ಹಕ್ಕು ಎಂದ. ಎರಡನೆಯದಕ್ಕೆ ಬೇರೆಯೇ ಒಪ್ಪಂದ ಬೇಕು ಎಂದ.

ಅತಿಥಿಸತ್ಕಾರದಲ್ಲಿ ಬಳ್ಳಾರಿಯನ್ನು ಮೀರಿಸುವುದು ಕಷ್ಟ. 1999ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿ ಎದುರುಬದುರಾದವರು ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್. ಇಬ್ಬರಲ್ಲಿ ಯಾರಿಗೂ ಈ ಮಣ್ಣಿನ ನಂಟಿರಲಿಲ್ಲ. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸೋತರು, ಆಮೇಲೂ ಎಷ್ಟೋ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಬಳ್ಳಾರಿಗೆ ಬರುತ್ತಿದ್ದರು. ಗೆದ್ದ ಸೋನಿಯಾ ಅಮೇಥಿಯನ್ನು ಉಳಿಸಿಕೊಂಡು ಈ ಸ್ಥಾನ ಬಿಟ್ಟರು. ಊರು ಇಬ್ಬರಿಗೂ ಆರತಿ ಎತ್ತಿತ್ತು. ಆ ಆರತಿ ಸುಳ್ಳೆಂದು ನಾನು ಹೇಳುವುದಿಲ್ಲ. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಸಂಜೆ ಹೆಲಿಕಾಪ್ಟರ್ ಹತ್ತುವವರ ಜೊತೆ ನಲ್ಲಿ ನೀರಿಗೆ, ಚರಂಡಿಗೆ, ಹೊಲದ ಬದುವಿಗೆ ಯಾರಿಗೂ ಜಗಳ ಇರುವುದಿಲ್ಲ.

ಒಂದು ಊರು ಹೊಸಬನನ್ನು ತನ್ನವನೆಂದು ಒಪ್ಪಿದೆಯೋ ಇಲ್ಲವೋ ಎಂಬುದು ನಗುಮುಖದಲ್ಲಿ ತಿಳಿಯುವುದಿಲ್ಲ, ಜಗಳದಲ್ಲಿ ತಿಳಿಯುತ್ತದೆ ಎಂಬುದು ನನ್ನ ವಾದ. ಜಾತ್ರೆಯ ಪಟ್ಟಿ ಎತ್ತಲು ಅವನ ಮನೆ ಬಾಗಿಲಿಗೆ ಬರುವುದು ಸುಲಭ. ಅವನು ಜಾತ್ರೆ ಮುಗಿದ ಮೇಲೆ ಲೆಕ್ಕ ಕೇಳಿದರೆ ಏನಾಗುತ್ತದೆ? ‘ಕೂತ್ಕೊಳ್ರೀ, ಪುಸ್ತಕ ತರಿಸ್ತೀವಿ’ ಎಂದರೆ ಅವನು ಊರವನಾದ. ‘ನೀನ್ಯಾರು ಕೇಳಾಕೆ, ಎಲ್ಲಿಂದ ಬಂದ್ಯೋ ಅಲ್ಲಿಗೇ ಹೋಗು’ ಎಂದರೆ ಹತ್ತು ವರ್ಷ ಪಟ್ಟಿ ಕೊಟ್ಟಿದ್ದರೂ ಅವನು ಹೊರಗಿನವನೇ. ಊರವನ ಮೇಲೆ ಎಷ್ಟೇ ಸಿಟ್ಟು ಬಂದರೂ ಈ ಕೊನೆಯ ಮಾತನ್ನು ಎಸೆಯಲಾಗುವುದಿಲ್ಲ.

ಈ ವಾದವನ್ನು ಒರೆಗೆ ಹಚ್ಚಲು ಸಿರುಗುಪ್ಪ, ಕುರುಗೋಡು ಸೀಮೆಯೇ ಸರಿ. 1953 ಗಡಿ ಬಂದ ವರ್ಷವಷ್ಟೇ ಅಲ್ಲ, ನೀರು ಬಂದ ವರ್ಷವೂ ಹೌದು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟದ್ದು ಆಗಲೇ. ಸಿರುಗುಪ್ಪಕ್ಕೆ ಭತ್ತ ಹೊಸದೇನಲ್ಲ. ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳ ಕೆಳಗೆ ಹೊಳೆದಂಡೆಯಲ್ಲಿ ಗದ್ದೆಗಳಿದ್ದವು. ಆದರೆ ಹೊಳೆಯಿಂದ ದೂರದ ಎರೆಹೊಲಗಳೆಲ್ಲ ಜೋಳ, ಹತ್ತಿಯವು, ಮಳೆ ನಂಬಿದವು. ಬಲದಂಡೆಯ ಕೆಳಮಟ್ಟದ ಕಾಲುವೆ ಆ ಹೊಲಗಳ ನಡುವೆ ಹಾದು ಆಂಧ್ರದ ಕಡೆಗೆ ಸಾಗಿತು. ನೀರಿನ ಹಿಂದೆಯೇ ಕೃಷ್ಣಾ, ಗೋದಾವರಿ, ಗುಂಟೂರು ಕಡೆಯ ರೈತರು ಬಂದರು. ಅಲ್ಲಿ ಒಂದೆರಡು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಅದರ ಹಲವು ಪಟ್ಟು ನೆಲ ಸಿಗುತ್ತಿತ್ತು. ಹೊಲ ಮಟ್ಟ ಮಾಡಿದರು, ಮಡಿ ಕಟ್ಟಿದರು, ಊರಿನಿಂದ ಆಚೆ ಹೊಲದ ನಡುವೆಯೇ ಮನೆ ಹಾಕಿದರು. ಆ ಮನೆಗಳ ಗುಂಪಿಗೆ ‘ಕ್ಯಾಂಪ್’ ಎಂದು ಹೆಸರಾಯಿತು. ಹೊಳೆಯಾಚೆ ಗಂಗಾವತಿ, ಸಿಂಧನೂರು ಕಡೆಗೂ ಇದೇ ಕಥೆ. ಎಪ್ಪತ್ತು ವರ್ಷ ದಾಟಿ ಮೂರನೇ ತಲೆಮಾರು ಹೊಲ ಮಾಡುತ್ತಿದ್ದರೂ ಹೆಸರು ಮಾತ್ರ ಇನ್ನೂ ಕ್ಯಾಂಪೇ, ನಾಳೆ ಡೇರೆ ಕಿತ್ತು ಹೋಗುವವರಿಗೆ ಇಟ್ಟಂತೆ.

ಕ್ಯಾಂಪಿನವರಿಗೆ ಊರು ಆದರ ತೋರಿತೇ? ಅವರು ಅದನ್ನು ಕೇಳಿರಲೇ ಇಲ್ಲ ಎನ್ನುವುದು ಸರಿಯಾದ ಉತ್ತರ. ಅವರಿಗೆ ಅವರದೇ ರಾಮಮಂದಿರ, ಅವರದೇ ಸಂಕ್ರಾಂತಿ, ಅವರದೇ ಬೀಗತನ. ಕೈಯಲ್ಲಿ ಬಂಡವಾಳವಿದ್ದವನಿಗೆ ಊರಿನ ಪ್ರೀತಿಯ ಅಗತ್ಯ ಕಡಿಮೆ. ಬದಲಿಗೆ ಊರಿಗೇ ಅವನ ಅಗತ್ಯ ಬಿತ್ತು. ಇಲ್ಲಿ ಊರವರ ಅಳಲನ್ನೂ ಕೇಳದೆ ಮುಂದೆ ಹೋಗುವುದು ಅನ್ಯಾಯ. ನೀರಾವರಿಗೆ ಹೊಲ ಹದಮಾಡುವ ದುಡ್ಡಿಲ್ಲದೆ, ಎರೆನೆಲ ನೀರು ಕುಡಿದರೆ ಸವಳಾಗುತ್ತದೆಂಬ ಭಯಕ್ಕೆ, ಸಾಲಕ್ಕೆ, ಮಗಳ ಮದುವೆಗೆ ಅಗ್ಗದಲ್ಲಿ ಹೊಲ ಮಾರಿದವರು ಎಷ್ಟೋ ಜನ. ಮಾರಿದವರಲ್ಲಿ ಕೆಲವರು ಮುಂದೆ ಅದೇ ಹೊಲಕ್ಕೆ ಕೂಲಿಗೆ ಹೋದರು. ‘ನೀರು ಬಂತು, ನೆಲ ಹೋಯ್ತು’ ಎಂದು ಗೊಣಗುವ ಮುದುಕನಿಗೆ ಹೊಸಬರ ಬಗ್ಗೆ ಔದಾರ್ಯದ ಪಾಠ ಹೇಳಹೊರಟವನು ಮೊದಲು ಅವನ ಪಹಣಿ ನೋಡಬೇಕು. ಕಳೆದುಕೊಂಡವನೇ ಬಾಗಿಲು ತೆರೆಯಬೇಕು, ಗಳಿಸಿದವನು ಒಳಗೆ ಬಂದು ಕೂರಬೇಕು ಎನ್ನುವ ಸ್ವಾಗತದಲ್ಲಿ ಏನೋ ಐಬಿದೆ.

ಹಾಗಿದ್ದೂ ಬೆರಕೆಯಾಯಿತು. ಅದನ್ನು ಮಾಡಿದ್ದು ಕಾಲುವೆಯ ಕೆಳತುದಿ. ಈ ಯೋಜನೆ ರೂಪಿಸಿದವರ ಲೆಕ್ಕದಲ್ಲಿ ನೀರು ಬರ ತಡೆಯುವುದಕ್ಕೆ. ಹೆಚ್ಚು ಎಕರೆಗೆ ತೆಳುವಾಗಿ ಹಂಚಿ ಹತ್ತಿ, ಜೋಳ, ಶೇಂಗಾ ಬೆಳೆಯಬೇಕು, ಭತ್ತ ಗುರುತು ಮಾಡಿದ ಜಾಗದಲ್ಲಷ್ಟೇ. ಮೇಲ್ಭಾಗದವರು ಎಲ್ಲೆಲ್ಲೂ ಭತ್ತ ನಾಟಿ ಮಾಡಿದರು. ಮೊದಮೊದಲು ಕ್ಯಾಂಪಿನವರು, ಅವರನ್ನು ನೋಡಿ ಊರವರೂ. ಕೆಳಗಿನ ‘ಟೇಲೆಂಡ್’ ರೈತನಿಗೆ ನೀರು ಮುಟ್ಟಲಿಲ್ಲ. ಆ ಟೇಲೆಂಡಿನಲ್ಲಿ ಕನ್ನಡದವನ ಹೊಲವೂ ಒಣಗಿತು, ತೆಲುಗಿನವನ ಹೊಲವೂ ಒಣಗಿತು. ರಾತ್ರಿ ತೂಬು ಕಾಯುವುದು, ಗ್ಯಾಂಗ್‌ಮನ್ ಜೊತೆ ತಕರಾರು, ಎಂಜಿನಿಯರ್ ಕಚೇರಿಗೆ ಮುತ್ತಿಗೆ, ರಸ್ತೆ ತಡೆ, ಇವುಗಳಲ್ಲಿ ಇಬ್ಬರೂ ಒಟ್ಟಾದರು. ಮೇಲ್ಗಡೆಯವನ ವಿರುದ್ಧ ಒಟ್ಟಾದಾಗ ಮೇಲ್ಗಡೆಯವನು ಯಾವ ಭಾಷೆಯವನೆಂದು ಯಾರೂ ನೋಡಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಕ್ಯಾಂಪಿನಲ್ಲೂ ಊರಲ್ಲೂ ಒಂದೇ ಎದೆಬಡಿತ. ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರಿಲ್ಲ ಎಂದಾಗ ಕೂಗುವವನು ಗುಂಟೂರಿನವನ ಮೊಮ್ಮಗನಾಗಿರಬಹುದು. ಅವನಿಗೆ ಯಾರೂ ‘ನೀನ್ಯಾರು’ ಅನ್ನುವುದಿಲ್ಲ. ಅವನ ಸ್ವಾಗತ ಅಂದೇ ಮುಗಿದಿದೆ.

ಆದರೆ ಈ ಜಗಳದ ಹಕ್ಕು ಪುಕ್ಕಟೆ ಸಿಕ್ಕಿದ್ದಲ್ಲ, ಪಹಣಿಯಲ್ಲಿ ಹೆಸರಿದ್ದವನಿಗೆ ಸಿಕ್ಕಿದ್ದು. ಹೆಸರಿಲ್ಲದವನ ಕಡೆ ತಿರುಗಿದರೆ ಚಿತ್ರ ಬೇರೆ.

ಬಾಡಿಗೆ ಮನೆ ಕೇಳಲು ಹೋದವನಿಗೆ ಎದುರಾಗುವ ಮೊದಲ ಪ್ರಶ್ನೆ ‘ಯಾವೂರು?’ ಎರಡನೆಯದು ‘ಯಾರ ಪೈಕಿ?’ ಮೊದಲನೆಯದಕ್ಕೆ ಪಟ್ನಾ ಎಂದರೂ ಕಟಕ್ ಎಂದರೂ ನಡೆದೀತು. ಕೀಲಿಕೈ ಇರುವುದು ಎರಡನೆಯದರಲ್ಲಿ. ದೂರದ ರಾಜ್ಯದಿಂದ ಬಂದ ಮೇಲ್ಜಾತಿಯ ಬ್ಯಾಂಕ್ ಅಧಿಕಾರಿಗೆ ಸಲೀಸಾಗಿ ಸಿಗುವ ಮನೆ, ಅದೇ ತಾಲ್ಲೂಕಿನ ಹಳ್ಳಿಯಿಂದ ವರ್ಗವಾಗಿ ಬಂದ ದಲಿತ ಶಿಕ್ಷಕನಿಗೆ ಸಿಗದೆ ಹೋಗುವುದುಂಟು. ಇವರಲ್ಲಿ ಹೊರಗಿನವರು ಯಾರು? ರಾಜ್ಯದ ಗಡಿ ಭೂಪಟದಲ್ಲಿ ಕಾಣುತ್ತದೆ, ಜಾತಿಯ ಈ ಗಡಿ ಕಾಣದು. ತಲೆತಲಾಂತರದಿಂದ ಊರಲ್ಲೇ ಇದ್ದರೂ ಊರ ಒಳಗೆ ಬಾರದವರು ನಮ್ಮಲ್ಲಿರುವವರೆಗೆ, ಬೇರೆ ರಾಜ್ಯದವರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತೇವೆಂದು ಬೀಗುವುದು ನನಗೆ ಕೊಂಚ ನಾಚಿಕೆ ತರುತ್ತದೆ.

ಇನ್ನು ಭಾಷೆಯ ಮಾತು. ಬಂದವರು ಕನ್ನಡ ಕಲಿಯಬೇಕು ಎಂಬುದು ನನ್ನ ನಿಲುವೂ ಹೌದು, ಆದರೆ ಕಾರಣ ಬೇರೆ. ಕನ್ನಡವನ್ನು ಒಳಬರುವ ಸುಂಕದ ಹಾಗೆ ಕೇಳುವವರ ಜೊತೆ ನಾನಿಲ್ಲ. ಬಳ್ಳಾರಿಯ ರಂಗಭೂಮಿ ಕಟ್ಟಿದ ಧರ್ಮವರಂ ರಾಮಕೃಷ್ಣಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ಪ್ರಸಿದ್ಧರಾದದ್ದು ತೆಲುಗು ನಾಟಕಗಳಿಂದ. ತಾಡಪತ್ರಿಯಲ್ಲಿ ಹುಟ್ಟಿದ ವಕೀಲ ನಟ ರಾಘವರ ಹೆಸರಿಗೆ ಬಳ್ಳಾರಿ ಅಂಟಿಕೊಂಡೇ ಹೋಯಿತು, ಊರಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ಅದೇ ಊರು ಮದ್ರಾಸ್ ಆಡಳಿತದಲ್ಲಿದ್ದಾಗಲೇ 1926ರಲ್ಲಿ, 1938ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಸಿತು. ಎರಡೂ ಭಾಷೆ ಇಲ್ಲಿ ಬೇರುಬಿಟ್ಟವೇ. ಆದರೂ ಕನ್ನಡ ಬೇಕು, ಏಕೆಂದರೆ ಪಹಣಿ ಕನ್ನಡದಲ್ಲಿದೆ, ಪಂಚಾಯಿತಿ ಠರಾವು ಕನ್ನಡದಲ್ಲಿದೆ, ಠಾಣೆಯಲ್ಲಿ ಬರೆದುಕೊಳ್ಳುವ ದೂರು ಕನ್ನಡದಲ್ಲಿದೆ. ಅಂಗಡಿಯಲ್ಲಿ ಯಾವ ಭಾಷೆಯಾದರೂ ಆದೀತು, ಲೆಕ್ಕ ಕೇಳುವಾಗ ಆಗದು. ಬಳ್ಳಾರಿಯ ಬಹುಭಾಷೆಯ ಸಲೀಸಿನಲ್ಲೊಂದು ಮೋಸವಿದೆ: ಎಲ್ಲರೂ ನಿಮ್ಮ ಭಾಷೆಯಲ್ಲೇ ಮಾತಾಡಿಸಿ ಕಳಿಸುತ್ತಾರೆ, ನೀವು ಎಂದೆಂದಿಗೂ ಗಿರಾಕಿಯಾಗಿಯೇ ಉಳಿಯುತ್ತೀರಿ.

ಕಾನೂನು ಎರಡೂ ಕಡೆ ಎಳೆಯುತ್ತದೆ. ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿಯಿಂದ ಬಂದ 371-ಜೆ ವಿಧಿ ಬಳ್ಳಾರಿಯೂ ಸೇರಿದ ಈ ಹಿಂದುಳಿದ ಜಿಲ್ಲೆಗಳ ಸ್ಥಳೀಯರಿಗೆ ಓದು, ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿದೆ. ಮೈಸೂರಿನಿಂದ ಬಂದ ಅಚ್ಚ ಕನ್ನಡಿಗನೂ ಆ ಲೆಕ್ಕದಲ್ಲಿ ಇಲ್ಲಿ ಹೊರಗಿನವನೇ. ಇದು ತಪ್ಪೆಂದು ನನಗೆ ಅನಿಸುವುದಿಲ್ಲ. ಹಿಂದೆ ಬಿದ್ದವನಿಗೆ ಆಸರೆ ಕೊಡದೆ ಅವನಿಂದ ಔದಾರ್ಯ ನಿರೀಕ್ಷಿಸಲಾಗದು. ಕಾಗದದ ಗಡಿ ಕ್ರೂರವಾಗುವುದು ಹೊಳೆಯಾಚೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಕಾಣುತ್ತದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಸರ್ಕಾರವೇ ತಂದು ಅಲ್ಲಿ ನೆಲೆಗೊಳಿಸಿತು. ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ಕೈಗೆ ಬಂದದ್ದು 2024ರಲ್ಲಿ.

ಇಂದು ಬಳ್ಳಾರಿ ಕಡೆಗೆ ಬರುತ್ತಿರುವವರು ನೆಲ ಕೊಳ್ಳುವವರಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆದಾರರು ಕರೆತರುವ ಬಿಹಾರ, ಒಡಿಶಾ, ಜಾರ್ಖಂಡಿನ ಹುಡುಗರು ಅವರು. ಊರು ಅವರೆಲ್ಲರನ್ನೂ ‘ಹಿಂದಿಯವರು’ ಎಂದು ಒಂದೇ ಗಂಟಿಗೆ ಕಟ್ಟುತ್ತದೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ‘ಭೈಯಾ’ ಎನ್ನುತ್ತದೆ. ಆದರೆ ಕೂಲಿ ಬಾಕಿ ಉಳಿದಾಗ, ಕೈ ಮುರಿದಾಗ ಅವನು ಹೋಗುವ ಬಾಗಿಲು ಯಾವುದು? ಅವನ ಮತ ಅವನ ಊರಲ್ಲಿದೆ, ಇಲ್ಲಿಯ ಶಾಸಕರಿಗೆ ಅವನಿಂದ ಲಾಭವಿಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲೇ ಮಾಡಿ 2025ರವರೆಗೆ ಜಾರಿಯಲ್ಲಿದ್ದ ಕಾಯ್ದೆಯ ಹೆಸರನ್ನು ಅವನು ಕೇಳಿರುವುದೂ ಅಪರೂಪ.

ಅದೇ ಹೊತ್ತಿಗೆ ಸಿರುಗುಪ್ಪದ, ಕುರುಗೋಡಿನ ಹಳ್ಳಿಗಳಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಾಲುವೆ ಒಣಗಿದ ವರ್ಷ ಹೆಚ್ಚು, ತುಂಬಿದ ವರ್ಷ ಕಡಿಮೆ. ಅವರು ದಾಟುವುದು ರಾಜ್ಯದ ಗಡಿಯನ್ನಲ್ಲ, ಮಾತೂ ಕನ್ನಡವೇ. ಆದರೂ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಪಾಡು ತೋರಣಗಲ್ಲಿನ ಹುಡುಗನ ಪಾಡಿಗಿಂತ ಮೇಲಾಗಿಲ್ಲ. ಕನ್ನಡ ಬಂದಮಾತ್ರಕ್ಕೆ ಲೆಕ್ಕ ಕೇಳಲಾಗುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ. ಹಾಗಾಗಿ ಕಾರ್ಖಾನೆಯ ಹುಡುಗ ಕನ್ನಡ ಕಲಿಯಲಿ ಎಂದು ಬಯಸುವ ಸಂಘಟನೆಗಳಿಗೆ ನನ್ನದೊಂದು ಬೇಡಿಕೆ. ಸಂಜೆ ಪಾಳಿ ಮುಗಿಸಿ ಬಂದವನಿಗೆ ವಸತಿಯ ಹತ್ತಿರವೇ ತರಗತಿ ನಡೆಸಿ. ಮೊದಲ ಪಾಠದಲ್ಲಿ ‘ಊಟ ಆಯ್ತಾ’ ಬೇಡ, ಅದನ್ನು ಅವನು ಹೇಗೂ ಕಲಿಯುತ್ತಾನೆ. ಹಾಜರಿ ಪುಸ್ತಕ ಓದುವುದನ್ನು, ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುವುದನ್ನು ಕಲಿಸಿ. ಆ ತರಗತಿಗೆ ಗುಳೆಯಿಂದ ಮರಳಿದ ಕುರುಗೋಡಿನವರನ್ನೂ ಕೂರಿಸಿಕೊಂಡರೆ ಗುತ್ತಿಗೆದಾರರಿಗೆ ಕಿರಿಕಿರಿಯಾದೀತು. ಆಗಲಿ.